ಹಲೋ ಅಕ್ಕನ ಮಡಿಲಲ್ಲಿ ಹೆಡ್‌ಫೋನು

ರಸ್ತೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ಮಾತಾಡುತ್ತಾ ಎದುರಿಗೆ ಬಂದರೆ ಹಲೋ ಅಕ್ಕ ಎರಡೂ ಕಿವಿಗಳಿಗೆ ಬೆರಳು ತುರುಕಿಕೊಳ್ಳುತ್ತಾರೆ. ಕೈಯಲ್ಲಿ ತರಕಾರಿ ಚೀಲವಿದ್ದರೆ ಅದನ್ನು ಕೆಳಗಿಟ್ಟು ತುರುಕಿಕೊಳ್ಳುತ್ತಾರೆ. ಬಸ್ಸಿನಲ್ಲಿ ಪಕ್ಕದವರಿಗೆ ಫೋನು ಬಂದರೆ ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಾರೆ, ಸೀಟು ಕೈತಪ್ಪಿದರೂ ಸರಿ. ಹೊಸಬರು ಇವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಆ ತಲೆ ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ.

ಅವರು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನಲ್ಲಿ ಯಾರು ಫೋನು ಎತ್ತಿದರೂ ಮೊದಲು ಸಿಗುತ್ತಿದ್ದದ್ದು ಅವರ ದನಿ, ಅದಕ್ಕೇ ಆ ಹೆಸರು. ಆಮೇಲೆ ಜನ ತಾವೇ ನಂಬರು ತಿರುಗಿಸಿಕೊಳ್ಳುವ ಕಾಲ ಬಂತು, ಎಕ್ಸ್‌ಚೇಂಜು ಬೇರೆ ಕಟ್ಟಡಕ್ಕೆ ಹೋಯಿತು. ಹಳೆಯ ಸ್ವಿಚ್‌ಬೋರ್ಡನ್ನು ಹೊತ್ತೊಯ್ಯಲು ನಾಲ್ಕು ಜನ ಬಂದರು. ಅದು ಬಾಗಿಲಲ್ಲಿ ಹಿಡಿಸಲಿಲ್ಲ. ನಾಳೆ ಬರುತ್ತೇವೆ ಎಂದು ಹೋದವರು ಇನ್ನೂ ಬಂದಿಲ್ಲ. ಬೀಗದ ಕೈ ಅಕ್ಕನ ಹತ್ತಿರವೇ ಉಳಿಯಿತು. ಮ್ಯೂಸಿಯಂ ಹುಟ್ಟಿದ್ದು ಹೀಗೆ. ದೊಡ್ಡ ಮ್ಯೂಸಿಯಂಗಳ ವಿಷಯ ನನಗೆ ಗೊತ್ತಿಲ್ಲ. ಸಣ್ಣವೆಲ್ಲ ಯಾರೋ ಏನನ್ನೋ ತೆಗೆದುಕೊಂಡು ಹೋಗಲು ಮರೆತದ್ದರಿಂದಲೇ ಹುಟ್ಟಿದವು.

ನನ್ನದೂ ಅಂಥದ್ದೇ ಒಂದು. ನಮ್ಮಪ್ಪ ಬೂಟು ಹೊಲಿಯುತ್ತಿದ್ದ. ಒಬ್ಬೊಬ್ಬ ಗಿರಾಕಿಯ ಪಾದದ ಅಳತೆಗೂ ಒಂದೊಂದು ಜೊತೆ ಮರದ ಅಚ್ಚು ಕಡೆದು, ಅದರ ಮೇಲೆ ಚರ್ಮ ಎಳೆದು ಹೊಲಿಯುವುದು ಅವನ ಪದ್ಧತಿ. ಗಿರಾಕಿಗಳೂ ಹೋದರು, ಅಪ್ಪನೂ ಹೋದ, ಇನ್ನೂರಾರು ಜೊತೆ ಮರದ ಪಾದಗಳು ಗೂಡುಗಳಲ್ಲಿ ಉಳಿದವು. ಊರು ನನ್ನನ್ನು ಅಚ್ಚಣ್ಣ ಎನ್ನುತ್ತದೆ. ಇನ್ನೊಂದು ವಿಷಯವನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳುವುದು ಮೇಲು: ಕಂಡವರ ವಿಷಯದಲ್ಲಿ ಮೂಗು ತೂರಿಸದಿದ್ದರೆ ನನಗೆ ತಿಂದದ್ದು ಜೀರ್ಣವಾಗುವುದಿಲ್ಲ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರ ಮ್ಯೂಸಿಯಂಗೂ ಯಾರೂ ಬರುವುದಿಲ್ಲ. ಆ ಹೊತ್ತಿನಲ್ಲಿ ನಾನು ಬಾಗಿಲೆಳೆದುಕೊಂಡು ಎಕ್ಸ್‌ಚೇಂಜಿಗೆ ಹೋಗಿ ಕೂರುತ್ತಿದ್ದೆ. ಎತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಇಳಿದು ಬೋರ್ಡಿನ ಮೇಲೆ ನಿಧಾನಕ್ಕೆ ಜರುಗುತ್ತಿತ್ತು. ಬೋರ್ಡಿನ ತುಂಬ ತೂತುಗಳು, ಒಂದೊಂದು ತೂತೂ ಒಂದೊಂದು ಮನೆ. ಬಿಸಿಲು ದವಾಖಾನೆಯಿಂದ ಹೊರಟು, ರೈಲ್ವೆ ಸ್ಟೇಷನ್ ದಾಟಿ, ನಾವು ಮಾತು ಮರೆತು ಕುಳಿತಿರುವಾಗಲೇ ಯಾರೋ ವಕೀಲರ ಮನೆಗೆ ತಲುಪಿರುತ್ತಿತ್ತು. ಅರೆನಿದ್ದೆಯಲ್ಲಿ ನನಗೆ ಒಮ್ಮೊಮ್ಮೆ ಗುಸುಗುಸು ಕೇಳಿಸುತ್ತಿತ್ತು, ಯಾರೋ ಯಾರಿಗೋ ಬೇಗ ಬಾ ಎನ್ನುತ್ತಿರುವ ಹಾಗೆ. ಅಕ್ಕನಿಗೂ ಕೇಳಿಸುತ್ತದಾ ಎಂದು ಒಮ್ಮೆ ಕೇಳಿದೆ.

“ನನಗೇನೂ ಕೇಳ್ಸಲ್ಲ. ಕೇಳಿಸ್ಕೊಳ್ಳೋದು ಬಿಟ್ಟು ಬಹಳ ವರ್ಷ ಆಯ್ತು,” ಎಂದರು.

ಯಾಕೆ ಬಿಟ್ಟರು ಎಂಬುದು ಊರಿಗೆಲ್ಲ ಗೊತ್ತು. ಹಲೋ ಅಕ್ಕನಿಗೆ ಒಬ್ಬರು ಅಕ್ಕ ಇದ್ದಾರೆ, ನಾಲ್ಕು ವರ್ಷಕ್ಕೆ ದೊಡ್ಡವರು. ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಲೇಬಲ್ ಅಂಟಿಸುವ ಕೆಲಸದಲ್ಲಿದ್ದವರು. ಅವರನ್ನು ಕಡ್ಡಿ ಅಕ್ಕ ಎನ್ನುತ್ತೇವೆ. ಆ ಲೇಬಲ್‌ಗಳ ಚಿತ್ರ ಬರೆಯುತ್ತಿದ್ದವನಿಗೂ ಅವರಿಗೂ ಮನಸ್ಸು ಕೂಡಿತ್ತು. ಅವನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಒಂದು ದಿನ ಕಡ್ಡಿ ಅಕ್ಕ ಕಾರ್ಖಾನೆಯ ಆಫೀಸಿನಿಂದ ಅವನಿಗೆ ಫೋನು ಮಾಡಿ, ಯಾವ ರೈಲಿಗೆ ಹೊರಟು ಬರುತ್ತೇನೆಂದು ಹೇಳಿದರು. ಲೈನು ಕೊಟ್ಟವಳು ತಂಗಿ. ಲೈನು ಕೊಟ್ಟ ಮೇಲೆ ಆಪರೇಟರು ಆ ಮಾತು ತನಗೆ ಕೇಳಿಸದಂತೆ ಹೆಡ್‌ಫೋನಿನ ಗುಂಡಿ ಮುಚ್ಚಿಬಿಡಬೇಕು, ಅದು ನಿಯಮ. ತಂಗಿ ಮುಚ್ಚಲಿಲ್ಲ. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ಅಕ್ಕ ತನಗೆ ಒಂದು ಮಾತೂ ಹೇಳದೆ ಹೊರಟುಬಿಡುತ್ತಾಳೆಂದು ಗಾಬರಿಯಾಗಿ, ಓಡಿಹೋಗಿ ಅಮ್ಮನಿಗೆ ಹೇಳಿಬಿಟ್ಟರು. ಕಡ್ಡಿ ಅಕ್ಕ ಪೆಟ್ಟಿಗೆ ಹಿಡಿದು ಸ್ಟೇಷನ್ನಿಗೆ ಹೋದರೆ ಅಲ್ಲಿ ಬೆಂಚಿನ ಮೇಲೆ ಅಮ್ಮನೂ ಸೋದರಮಾವನೂ ಕುಳಿತಿದ್ದರು.

ಕಡ್ಡಿ ಅಕ್ಕ ಕೂಗಾಡಲಿಲ್ಲ, ಅಳಲೂ ಇಲ್ಲ. ಪೆಟ್ಟಿಗೆ ಎತ್ತಿಕೊಂಡು ಸ್ಟೇಷನ್ನಿನಿಂದ ನೇರ ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋಗಿ ಅಲ್ಲೇ ಒಂದು ಕೋಣೆ ಹಿಡಿದರು. ಅವನೂ ಆಮೇಲೆ ಫೋನು ಮಾಡಲಿಲ್ಲ, ಬರಲೂ ಇಲ್ಲ. ಆ ದಿನದಿಂದ ಮೂವತ್ತೈದು ವರ್ಷ ಅಕ್ಕ ತಂಗಿಯ ಜೊತೆ ಮಾತಾಡಲಿಲ್ಲ. ಅಮ್ಮ ತೀರಿಕೊಂಡ ದಿನ ಇಬ್ಬರೂ ಅಕ್ಕಪಕ್ಕ ನಿಂತಿದ್ದರು, ಆಗಲೂ ಇಲ್ಲ. ಎಕ್ಸ್‌ಚೇಂಜು ಮುಖ್ಯರಸ್ತೆಯ ಈ ತುದಿಯಲ್ಲಿ, ಕ್ವಾರ್ಟರ್ಸು ಆ ತುದಿಯಲ್ಲಿ. ನಡೆದರೆ ಹತ್ತು ನಿಮಿಷ. ತಂಗಿ ಅದಾದ ಮೇಲೆ ಯಾರ ಫೋನಿನ ಮಾತಿಗೂ ಕಿವಿಗೊಟ್ಟವರಲ್ಲ.

ಕಾರ್ಖಾನೆ ಮುಚ್ಚಿದಾಗ ಕಡ್ಡಿ ಅಕ್ಕನೂ ತಮ್ಮ ಎರಡು ಕೋಣೆಗಳನ್ನು ಮ್ಯೂಸಿಯಂ ಮಾಡಿದರು. ತೊಂಬತ್ತಾರು ಲೇಬಲ್‌ಗಳು, ಒಂದೊಂದೂ ಎರಡು ಬೆರಳಗಲ, ಗಾಜು ಹಾಕಿಸಿ ಗೋಡೆಗೆ ಹೊಡೆದಿದ್ದಾರೆ. ಸುಮ್ಮನೆ ನೋಡಿಕೊಂಡು ಹೋದರೆ ನಾಲ್ಕು ನಿಮಿಷದ ಕೆಲಸ. ಅವರು ಬಾಯಿ ತೆರೆದರೆ ಮಾತ್ರ ನಾಲ್ಕು ಗಂಟೆಯಾದರೂ ಏಳಲು ಮನಸ್ಸಾಗದು. ಅಂಥ ಮಾತುಗಾರ್ತಿ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಇವು ಮೂರಲ್ಲದೆ ಊರಿನಲ್ಲಿ ಇನ್ನೆರಡು ಇವೆ: ನೀರೆತ್ತುವ ಹಳೆಯ ಪಂಪುಗಳ ಮನೆ, ಮತ್ತು ಬ್ಯಾಂಡ್ ಮೇಷ್ಟರ ತುತ್ತೂರಿಗಳ ಕೋಣೆ. ಐದೂ ಬಿಕೋ ಎನ್ನುತ್ತಿದ್ದವು. ದಿನಕ್ಕೆ ಮೂವರು ಬಂದರೆ ಅದರಲ್ಲಿ ಇಬ್ಬರು ಬಸ್‌ಸ್ಟ್ಯಾಂಡಿಗೆ ದಾರಿ ಕೇಳುವವರು. ಒಂದು ವರ್ಷ ಪಂಪುಮನೆಯ ತಾತ ನಮ್ಮನ್ನೆಲ್ಲ ಕರೆಸಿ, “ಬೇರೆಬೇರೆ ಕೂತು ನೊಣ ಹೊಡಿಯೋದಕ್ಕಿಂತ ಒಟ್ಟಿಗೆ ಕೂತು ಹೊಡಿಯೋಣ,” ಎಂದರು. ಐದಕ್ಕೂ ಸೇರಿ ಒಂದೇ ಟಿಕೆಟ್, ಅದರಲ್ಲಿ ಐದು ಚೌಕ, ಹೋದಲ್ಲೆಲ್ಲ ಒಂದೊಂದು ಮುದ್ರೆ. ಆದರೆ ಮೊದಲ ಮುದ್ರೆ ಬಿದ್ದವನು ಎರಡನೆಯದಕ್ಕೆ ಯಾಕೆ ನಡೆಯಬೇಕು?

ಉತ್ತರ ಹಲೋ ಅಕ್ಕನ ಹತ್ತಿರವಿತ್ತು. “ಬೋರ್ಡು ಇನ್ನೂ ಕೆಲಸ ಮಾಡತ್ತೆ,” ಎಂದರು ಮೆಲ್ಲಗೆ. “ಐದು ಕಡೆಗೂ ವೈರು ಎಳೆಸಿ. ಬಂದೋರು ಫೋನೆತ್ಲಿ, ನಾನು ಲೈನ್ ಕೊಡ್ತೀನಿ. ಆ ಕಡೆಯವರು ಅರ್ಧ ಕಥೆ ಹೇಳ್ಲಿ. ಇನ್ನರ್ಧ ಬೇಕಾದ್ರೆ ನಡ್ಕೊಂಡು ಹೋಗ್ಬೇಕು.”

ತಾತ ಮೇಜು ಕುಟ್ಟಿದರು. ನನಗೆ ಮಾತ್ರ ಇದು ಬರೀ ಟಿಕೆಟ್ಟಿನ ಉಪಾಯವಲ್ಲ ಎನ್ನಿಸಿತು. ಐದು ಕಡೆಗೆ ಎಂದಾಗ ಅವರ ಕಣ್ಣು ರಸ್ತೆಯ ಆ ತುದಿಗೆ ಹೋಗಿತ್ತು.

ಕಡ್ಡಿ ಅಕ್ಕನನ್ನು ಒಪ್ಪಿಸುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಅವರು ಗಾಜು ಒರೆಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

“ಬರ್ತೀನಿ. ಆದ್ರೆ ನಾನು ಮಾತಾಡೋವಾಗ ಲೈನಲ್ಲಿ ಅವಳಿರಬಾರದು.”

“ಇರಲ್ಲ ಅಕ್ಕಾ, ಗುಂಡಿ ಮುಚ್ತಾರೆ.”

“ಗುಂಡಿ ಮುಚ್ಚೋದು ಅವಳಿಗೆ ಬರಲ್ಲ.”

ಈ ಮಾತನ್ನು ಎಕ್ಸ್‌ಚೇಂಜಿಗೆ ಹೊತ್ತು ತಂದು, ಎಷ್ಟು ಮೆತ್ತಗೆ ಮಾಡಿ ಹೇಳುವುದೆಂದು ಒದ್ದಾಡಿ, ಕೊನೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹಲೋ ಅಕ್ಕ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡರು. “ಗುಂಡಿ ಯಾಕೆ, ಹೆಡ್‌ಫೋನೇ ತೆಗೆದು ಮಡಿಲಲ್ಲಿಟ್ಕೋತೀನಿ ಅಂತ ಹೇಳು.”

ಹಾಗೇ ಆಯಿತು. ಹಳೆಯ ಲೈನ್‌ಮನ್ ಒಬ್ಬರು ಮಾಳಿಗೆಯಿಂದ ಮಾಳಿಗೆಗೆ ವೈರು ಎಳೆದರು. ಜನ ಎಕ್ಸ್‌ಚೇಂಜಿಗೆ ಬಂದು ಕರಿಯ ಫೋನು ಎತ್ತಿ, ಚೀಟಿಯಲ್ಲಿದ್ದ ಉಳಿದ ನಾಲ್ಕರಲ್ಲಿ ಒಂದನ್ನು ಕೇಳುತ್ತಿದ್ದರು. ಅಕ್ಕ ಪ್ಲಗ್ಗು ಚುಚ್ಚಿ, ಗಂಟೆ ಬಾರಿಸಿ, ಆ ಕಡೆ ಎತ್ತಿದ ಕೂಡಲೇ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟು ಮೇಲೆ ಎರಡೂ ಕೈ ಮುಚ್ಚಿ ಕೂರುತ್ತಿದ್ದರು. ಬಂದವರು ಇದೂ ಆಟದ ಒಂದು ಭಾಗವೆಂದುಕೊಂಡು ಫೋಟೋ ತೆಗೆಯುತ್ತಿದ್ದರು. ಬೆಂಕಿಪೊಟ್ಟಣ ಕೇಳಿದವರ ಮುಖ ನೋಡಬೇಕಿತ್ತು. ಕೋಟು ತೊಟ್ಟ ಹುಲಿಯ ಲೇಬಲ್ಲಿದೆ, ಬರೆದವನು ಹುಲಿಯನ್ನೇ ಕಂಡಿರಲಿಲ್ಲ, ಅದಕ್ಕೆ ಕಾರ್ಖಾನೆಯ ಒಬ್ಬ ದೊಡ್ಡ ಮನುಷ್ಯರ ಮುಖ ಅಂಟಿಸಿದ, ಯಾರ ಮುಖ ಎಂಬುದನ್ನು ಇಲ್ಲಿಗೆ ಬಂದರೆ ತೋರಿಸುತ್ತೇನೆ ಎಂದು ಹೇಳಿ ಕಡ್ಡಿ ಅಕ್ಕ ಫೋನಿಟ್ಟುಬಿಡುತ್ತಿದ್ದರು. ಜನ ಬಿಸಿಲು ಲೆಕ್ಕಿಸದೆ ಹೊರಡುತ್ತಿದ್ದರು. ದಾರಿಯಲ್ಲಿ ನನ್ನ ಮರದ ಪಾದಗಳಿಗೂ ಒಂದಷ್ಟು ಭಾಗ್ಯ ಬಂತು.

ಆ ಕಡೆ ಫೋನಿಟ್ಟರೆ ಬೋರ್ಡಿನಲ್ಲಿ ಕಡಲೆಕಾಳಿನಷ್ಟು ದೀಪವೊಂದು ಹತ್ತಿಕೊಳ್ಳುತ್ತದೆ, ಮಾತು ಮುಗಿಯಿತು ಎಂದು. ಹಲೋ ಅಕ್ಕನಿಗೆ ತಮ್ಮ ಅಕ್ಕನಿಂದ ಸಿಗುತ್ತಿದ್ದದ್ದು ಅಷ್ಟೇ. ಕೇಳುವುದನ್ನು ಬಿಟ್ಟು ಅವರು ಆ ದೀಪ ನೋಡುವುದನ್ನು ಕಲಿತಿದ್ದರು. ಇವತ್ತು ಆರು ನಿಮಿಷ ಮಾತಾಡಿದಳು, ಖುಷಿಯಾಗಿದ್ದಾಳೆ. ಇವತ್ತು ಎರಡೇ ನಿಮಿಷ, ಮೈ ಸರಿ ಇಲ್ಲವೇನೋ. ಮಧ್ಯಾಹ್ನದ ಬಿಸಿಲಿನಲ್ಲಿ ಅವರು ಹೀಗೆ ತಮ್ಮಷ್ಟಕ್ಕೆ ಹೇಳಿಕೊಳ್ಳುವಾಗ ನನಗೆ ಎದ್ದು ಹೋಗಿಬಿಡೋಣ ಎನ್ನಿಸುತ್ತಿತ್ತು. ಹೋಗುತ್ತಿರಲಿಲ್ಲ, ಅದು ಬೇರೆ ಮಾತು.

ಎರಡು ನಿಮಿಷಗಳು ಹೆಚ್ಚಾಗುತ್ತಾ ಬಂದವು. ಆಮೇಲೆ ಒಂದೂವರೆ. ನಾನು ಹೋಗಿ ನೋಡಿದರೆ ಕಡ್ಡಿ ಅಕ್ಕನ ದನಿ ಗೊಗ್ಗರಾಗಿತ್ತು. ಗಂಟಲಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಸೋಮವಾರ ಆಪರೇಷನ್, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅವರು ಇದನ್ನು ಹೇಳಿದ್ದು ನಗುತ್ತಲೇ. “ಜೀವಮಾನದ ಮಾತೆಲ್ಲ ಆಡಿ ಮುಗಿಸಿದೀನಿ ಬಿಡು,” ಎಂದರು. ನನಗೆ ನಗಲಾಗಲಿಲ್ಲ.

ಎಕ್ಸ್‌ಚೇಂಜಿನಲ್ಲಿ ವಿಷಯ ತಿಳಿಸಿದಾಗ ಹಲೋ ಅಕ್ಕ ಪ್ಲಗ್ಗುಗಳನ್ನು ಒಂದೊಂದಾಗಿ ಒರೆಸಿ ಸಾಲಾಗಿ ನಿಲ್ಲಿಸಿದರು. ಮತ್ತೆ ಮೊದಲಿನಿಂದ ಒರೆಸಿದರು.

“ಸೋಮವಾರದ ಮೇಲೆ ಅವಳ ದನಿ ಇರಲ್ಲ, ಅಲ್ವಾ?”

“ಇರಲ್ಲ ಅಕ್ಕಾ.”

“ಹೇಗಿತ್ತು ಅನ್ನೋದೇ ಮರ್ತುಹೋಗಿದೆ ಅಚ್ಚಣ್ಣ. ಅವಳ ಮುಖ ಕಣ್ಣಿಗೆ ಕಟ್ಟತ್ತೆ, ನಡಿಗೆ ಗೊತ್ತು. ದನಿ ಮಾತ್ರ ಎಷ್ಟು ನೆನಪಿಸ್ಕೊಂಡ್ರೂ ಬರಲ್ಲ.”

ಶುಕ್ರವಾರ ಗಂಡಹೆಂಡತಿ ಇಬ್ಬರು ಬಂದು ಬೆಂಕಿಪೊಟ್ಟಣ ಕೇಳಿದರು. ಅಕ್ಕ ಲೈನು ಕೊಟ್ಟು ಹೆಡ್‌ಫೋನು ಮಡಿಲಿಗೆ ತೆಗೆದರು. ನಾನು ಪಕ್ಕದಲ್ಲೇ ಇದ್ದೆ. ಅವರ ಕೈಯಡಿಯಲ್ಲೇ, ಅವರು ಮೂವತ್ತೈದು ವರ್ಷ ಕಾದ ದನಿ ಹರಿಯುತ್ತಿತ್ತು. ತಡೆಯಲಾಗದೆ ಅವರ ಕಿವಿಯ ಹತ್ತಿರ ಬಗ್ಗಿದೆ.

“ಒಂದ್ಸಲ ಇಟ್ಕೊಳ್ಳಿ ಅಕ್ಕಾ. ಒಂದೇ ನಿಮಿಷ. ಯಾರಿಗೆ ಗೊತ್ತಾಗತ್ತೆ?”

ಅವರು ನನ್ನ ಕಡೆ ತಿರುಗಲೂ ಇಲ್ಲ. ಮಡಿಲಿನ ಮೇಲಿದ್ದ ಕೈಗಳನ್ನು ಇನ್ನಷ್ಟು ಒತ್ತಿ ಹಿಡಿದರು. “ಮಾತು ಕೊಟ್ಟಿದೀನಿ,” ಎಂದರು. ದೀಪ ಹತ್ತಿತು. ಪ್ಲಗ್ಗು ಎಳೆದರು. ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ.

ಶನಿವಾರ ಮಧ್ಯಾಹ್ನ. ಮರುದಿನ ಬೆಳಿಗ್ಗೆ ಕಡ್ಡಿ ಅಕ್ಕ ಆಸ್ಪತ್ರೆಗೆ ಸೇರಬೇಕಿತ್ತು. ಬಿಸಿಲು ಆಗಷ್ಟೇ ದವಾಖಾನೆ ಬಿಟ್ಟು ಸ್ಟೇಷನ್ನಿನ ಕಡೆ ಹೊರಟಿತ್ತು. ಕೋಣೆಯಲ್ಲಿ ನಾವಿಬ್ಬರೇ, ಬಂದವರು ಯಾರೂ ಇರಲಿಲ್ಲ, ಯಾರಿಗೂ ಲೈನು ಕೊಟ್ಟಿರಲಿಲ್ಲ. ಬೋರ್ಡಿನಲ್ಲಿ ಒಂದು ದೀಪ ತಾನೇ ತಾನಾಗಿ ಹತ್ತಿಕೊಂಡಿತು. ನಾನು ಕನಸೇ ಇರಬೇಕೆಂದುಕೊಂಡೆ. ಲೈನು ಕೊಡದೆಯೇ ದೀಪ ಹತ್ತಿದರೆ ಆ ಕಡೆಯಿಂದ ಯಾರೋ ಫೋನೆತ್ತಿದ್ದಾರೆಂದು ಅರ್ಥ, ಈ ದೀಪ ಬೆಂಕಿಪೊಟ್ಟಣದ ಕೋಣೆಯದು. ವೈರು ಎಳೆದಂದಿನಿಂದ ಅಲ್ಲಿಂದ ಒಮ್ಮೆಯೂ ಕರೆ ಬಂದಿರಲಿಲ್ಲ.

ಕರೆ ಬಂದರೆ ಆಪರೇಟರು ಕಿವಿಗಿಡಲೇಬೇಕು, ಅದೂ ನಿಯಮವೇ. ಹಲೋ ಅಕ್ಕ ಹೆಡ್‌ಫೋನು ಹಾಕಿಕೊಂಡರು. ತಲೆಗೂದಲು ಸರಿಪಡಿಸಿಕೊಂಡರು, ಎದುರಿಗೆ ಯಾರೋ ಬಂದು ನಿಂತ ಹಾಗೆ. ಪ್ಲಗ್ಗು ಚುಚ್ಚಿದರು.

“ಯಾವ ಕಡೆಗೆ ಲೈನ್ ಬೇಕು?” ಎಂದರು ಕೆಲಸದ ದನಿಯಲ್ಲಿ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ, “ಹ್ಞಾ. ನಾನೇ.” ಆ ಕಡೆಯಿಂದ ಏನೋ ಕೇಳಿರಬೇಕು. ಅವರು ಆತುರಾತುರವಾಗಿ ಮೇಜಿನ ಮೇಲೆ ತಡಕಾಡುತ್ತಾ, “ಇದೆ, ಇದೆ,” ಎಂದರು.

ಕೇಳಿದ್ದು ಪೆನ್ಸಿಲ್ಲಂತೆ. ಮೂವತ್ತೈದು ವರ್ಷದ ಮೇಲೆ, ನೀನೇನಾ ಎಂದು ಕೇಳಿಕೊಂಡ ಬೆನ್ನಿಗೇ, ಅಕ್ಕ ತಂಗಿಗೆ ಆಡಿದ ಮೊದಲ ಮಾತು, ನಿನ್ನ ಹತ್ರ ಪೆನ್ಸಿಲ್ ಇದೆಯಾ ಎಂದು. ಆಮೇಲೆ ನಾನೇ ಪೀಡಿಸಿ ತಿಳಿದುಕೊಂಡೆ. ಹಲೋ ಅಕ್ಕ, “ಅಕ್ಕಾ, ಅವತ್ತು ನಾನು...” ಎಂದು ಶುರುಮಾಡಿದ್ದು ನನ್ನ ಕಿವಿಗೇ ಬಿತ್ತು. ಅದಕ್ಕೆ ಆ ಕಡೆಯಿಂದ ಬಂದ ಉತ್ತರವನ್ನೂ ಆಮೇಲೆ ಹೇಳಿದರು: ಇರೋ ಗಂಟಲನ್ನ ಅದಕ್ಕೆ ಖರ್ಚು ಮಾಡಲ್ಲ, ಬರ್ಕೋ, ನಾಳೆಯಿಂದ ಬಂದೋರಿಗೆ ಇದನ್ನೆಲ್ಲ ಹೇಳೋಳು ನೀನೇ.

ಒಂದನೆಯ ಲೇಬಲ್ಲಿನಿಂದ ಶುರುವಾಯಿತು. ಟಿಕೆಟ್ಟಿನ ಕಟ್ಟುಗಳ ಹಿಂಬದಿಯಲ್ಲಿ ಹಲೋ ಅಕ್ಕ ಬರೆದರು, ನಾನು ಬ್ಲೇಡಿನಿಂದ ಪೆನ್ಸಿಲ್ ಹೆರೆದುಕೊಟ್ಟೆ. “ಹ್ಞೂ, ಹುಲಿ ಆಯ್ತು. ಮುಂದೆ.” “ಏಳು ನಕ್ಷತ್ರದ ಬದಲು ಎಂಟು ಅಚ್ಚಾಗಿತ್ತಾ? ಹತ್ತು ಸಾವಿರ ಪೊಟ್ಟಣಾನಾ? ಅಯ್ಯೋ ದೇವರೇ!” ನಡುನಡುವೆ ಆ ಕಡೆ ದಣಿವಾಗುತ್ತಿತ್ತು. ಆಗ ಇಬ್ಬರೂ ಸುಮ್ಮನೆ ಲೈನಿನಲ್ಲಿರುತ್ತಿದ್ದರು. “ನೀರು ಕುಡಿ. ನಾನೆಲ್ಲೂ ಹೋಗಲ್ಲ,” ಎನ್ನುತ್ತಿದ್ದರು ಇವರು. ಕಣ್ಣಿಂದ ನೀರು ಇಳಿದು ಕಾಗದದ ಮೇಲೆ ಬೀಳುತ್ತಿತ್ತು, ಕೈ ಮಾತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಬಿಸಿಲು ವಕೀಲರ ಮನೆಯನ್ನೂ ದಾಟಿ ಗೋಡೆ ಹತ್ತಿತು.

ಐವತ್ತೇಳಕ್ಕೆ ಬಂದಾಗ ಅವರು ಪೆನ್ಸಿಲ್ ಕೆಳಗಿಟ್ಟು ನನ್ನನ್ನು ನೋಡಿದರು. ಐವತ್ತೇಳು ಯಾವುದೆಂದು ನನಗೆ ಗೊತ್ತು: ಕೊಡೆ ಹಿಡಿದ ಬೆಕ್ಕು. ದೂರದ ಊರಿಗೆ ಹೋದವನು ಇಲ್ಲಿ ಬರೆದ ಕೊನೆಯ ಲೇಬಲ್ಲು. ಬೆಕ್ಕಿಗೆ ಯಾಕೆ ಕೊಡೆ, ಕೊಡೆಯ ಮೇಲೆ ಯಾಕೆ ಮೂರು ಚುಕ್ಕಿ ಎಂದು ಕಡ್ಡಿ ಅಕ್ಕ ಇವತ್ತಿನವರೆಗೆ ಒಬ್ಬರಿಗೂ ಹೇಳಿದವರಲ್ಲ, ಬಂದವರಿಗೆ ಏನೋ ಒಂದು ತಮಾಷೆ ಹೇಳಿ ಮುಂದೆ ದಾಟಿಸುತ್ತಿದ್ದರು.

“ಅಚ್ಚಣ್ಣ, ಸ್ವಲ್ಪ ಹೊರಗೆ ಹೋಗು.”

ಹೋದೆ. ಬಾಗಿಲ ಪಕ್ಕದಲ್ಲೇ ಕಿಟಕಿ ತೆರೆದಿತ್ತು. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಕಾಲು ತಾನೇ ಅಲ್ಲಿಗೆ ಹೋಗಿ ನಿಂತಿತು. ಒಳಗಿನಿಂದ ಹಲೋ ಅಕ್ಕನ ದನಿ ಬಂತು, ಇಪ್ಪತ್ತೆರಡರ ಹುಡುಗಿಯದೇ ದನಿ: “ಇಲ್ಲ ಅಕ್ಕಾ. ಯಾರಿಗೂ ಹೇಳಲ್ಲ.” ನಾನು ನನ್ನ ಕಿವಿಗಳಿಗೆ ಬೆರಳು ತುರುಕಿಕೊಂಡು ರಸ್ತೆ ದಾಟಿ ಆ ಕಡೆಯ ಚಹಾ ಅಂಗಡಿಗೆ ಹೋಗಿ ಕುಳಿತೆ. ಜನ್ಮದಲ್ಲಿ ಮೊದಲ ಸಲ.

ಕಡ್ಡಿ ಅಕ್ಕ ಆಪರೇಷನ್ ಮುಗಿಸಿಕೊಂಡು ಬಂದರು, ಕೊರಳಿಗೆ ಹತ್ತಿಯ ಬಟ್ಟೆ ಸುತ್ತಿಕೊಂಡು. ಈಗ ಬಂದವರು ಅವರ ಕೋಣೆಯಲ್ಲಿ ಫೋನು ಎತ್ತುತ್ತಾರೆ, ಅವರು ಕೋಲಿನಿಂದ ಲೇಬಲ್ ತೋರಿಸುತ್ತಾರೆ, ರಸ್ತೆಯ ಈ ತುದಿಯಿಂದ ತಂಗಿ ಕಥೆ ಹೇಳುತ್ತಾರೆ. ಉಳಿದವರಿಗೆ ಲೈನು ಕೊಟ್ಟಾಗ ಹೆಡ್‌ಫೋನು ಈಗಲೂ ಮಡಿಲಿಗೇ. ಸಂಜೆ ಬಾಗಿಲು ಹಾಕಿದ ಮೇಲೆ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಾರೆ, ಒಬ್ಬರು ಮಾತಾಡುತ್ತಾ, ಒಬ್ಬರು ಸ್ಲೇಟಿನ ಮೇಲೆ ಬರೆಯುತ್ತಾ.

ಕಳೆದ ತಿಂಗಳು ನಾನೂ ಒಂದು ಟಿಕೆಟ್ ಕೊಂಡೆ. ಕಡ್ಡಿ ಅಕ್ಕನ ಕೋಣೆಗೆ ಹೋಗಿ ಫೋನೆತ್ತಿ, ಸಾಲಾಗಿ ಕೇಳಿಕೊಂಡು ಬಂದು, ಬೆಕ್ಕಿನ ಮುಂದೆ ನಿಂತೆ. ಕೋಲು ಅಲ್ಲಿ ನಿಲ್ಲದೆ ಮುಂದಕ್ಕೆ ಹೋಯಿತು. ಫೋನಿನಲ್ಲಿಯೂ, “ಮುಂದಿನ ಲೇಬಲ್ ನೋಡಿ,” ಎಂದಿತು ದನಿ.

“ಐವತ್ತೇಳರ ಕಥೆ?”

“ಮುಂದಿನ ಲೇಬಲ್ ನೋಡಿ.”

“ಅಕ್ಕಾ, ನಾನು ಅಚ್ಚಣ್ಣ. ನನಗಾದ್ರೂ ಹೇಳಿ.”

“ಗೊತ್ತು ನೀನೇ ಅಂತ. ಮುಂದಿನದು ನೋಡೋ.”

ನನ್ನ ಮುಖ ನೋಡಿಯೇ ಕಡ್ಡಿ ಅಕ್ಕನಿಗೆ ಆ ಕಡೆಯ ಉತ್ತರ ತಿಳಿದುಹೋಯಿತು. ದನಿಯಿಲ್ಲದೆ ಭುಜ ಕುಲುಕಿಸಿ ನಕ್ಕರು. ನನ್ನ ಕೈಯಿಂದ ಫೋನು ತೆಗೆದುಕೊಂಡು ತಮ್ಮ ಕಿವಿಗಿಟ್ಟುಕೊಂಡು, ಬೆಕ್ಕಿನ ಕಡೆ ಮುಖ ಮಾಡಿ ನಿಂತರು. ತಂಗಿ ಏನು ಹೇಳುತ್ತಿದ್ದರೋ ನನಗೆ ಕೇಳಿಸಲಿಲ್ಲ. ನಾನು ಐವತ್ತೆಂಟನೆಯ ಲೇಬಲ್ಲಿನ ಮುಂದೆ ಹೋಗಿ ನಿಂತುಕೊಂಡೆ.